ಭಾರ ಹೊರದ ಲಾರಿ: ನನ್ನ ಸೈಕ್ಲೋನ್ ರಿಪೇರಿ ಕತೆ

ಅಪ್ಪನಿಗೆ ಮೊದಲ ಸಲ ನನ್ನ ಪಿಕಪ್ಪಿನ ಫೋಟೋ ಕಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಲೋಡ್ ಹೊರುತ್ತೋ ಇದು?" 500 ಪೌಂಡ್ ಅಂದೆ. ಅಂದರೆ ಸುಮಾರು 227 ಕೆಜಿ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ತಿಪಟೂರಿನಲ್ಲಿ ಮೂವತ್ತೈದು ವರ್ಷ ಕೊಬ್ಬರಿ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡಿದ ಮನುಷ್ಯ. "ಅಷ್ಟನ್ನ ನಮ್ಮೂರ ಟಿವಿಎಸ್ ಎಕ್ಸೆಲ್ಲೇ ಹೊರುತ್ತೆ ಕಣೋ" ಅಂದರು. ನಾನೇನು ಹೇಳಲಿ, ನಿಜವೇ ಅಲ್ವಾ.

ನಾನು ತಗೊಂಡಿದ್ದು ಅಮೆರಿಕದ ಜಿಎಂಸಿ ಕಂಪನಿಯ 1991ರ ಸೈಕ್ಲೋನ್. ಪಿಕಪ್ ಅನ್ನೋದು ಹೆಸರಿಗಷ್ಟೇ. ಸೊನೋಮಾ ಅನ್ನುವ ಪುಟ್ಟ ಪಿಕಪ್ಪಿಗೆ 4.3 ಲೀಟರಿನ ವಿ6 ಇಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬುವ ಒಂದು ಮಿತ್ಸುಬಿಷಿ ಟರ್ಬೊ, ನಾಲ್ಕೂ ಚಕ್ರಕ್ಕೆ ಎಳೆತ. 280 ಎಚ್‌ಪಿ. ಬಣ್ಣ ಕಪ್ಪು. ಆ ವರ್ಷ ಕಾರ್ ಆಂಡ್ ಡ್ರೈವರ್ ಪತ್ರಿಕೆಯವರು ಇದನ್ನು ಫೆರಾರಿ 348ರ ಜೊತೆ ಕಾಲು ಮೈಲಿ ಓಡಿಸಿ ನೋಡಿದರು. ಸೈಕ್ಲೋನಿಗೆ ಬೇಕಾಗಿದ್ದು 14.1 ಸೆಕೆಂಡು, ಫೆರಾರಿಗೆ 14.5. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಯಾರೋ ಈ ಕತೆ ಹೇಳಿದಾಗ ಸುಮ್ನೆ ಬುರುಡೆ ಬಿಡ್ತಾನೆ ಅಂದುಕೊಂಡಿದ್ದೆ.

ಆ ವರ್ಷ ಮಾಡಿದ್ದು 2,995 ಗಾಡಿ ಮಾತ್ರ. ಲೂಯಿಸಿಯಾನಾದ ಶ್ರೀವ್‌ಪೋರ್ಟ್ ಕಾರ್ಖಾನೆಯಿಂದ ಸಾದಾ ಪಿಕಪ್‌ಗಳು ಮಿಶಿಗನ್ನಿನ ಟ್ರಾಯ್ ಊರಿಗೆ ಬರುತ್ತಿದ್ದವು. ಇಲ್ಲಿ ಪಿಎಎಸ್ ಅನ್ನುವ ಕಂಪನಿ ಅವನ್ನು ಸೈಕ್ಲೋನ್ ಮಾಡಿ ಕಳಿಸುತ್ತಿತ್ತು. ನಾನಿರುವುದೂ ಟ್ರಾಯ್‌ನಲ್ಲೇ. 2018ರಲ್ಲಿ ಒಹಾಯೋದ ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ನಿಂತಿದ್ದ ಗಾಡಿಯನ್ನು ಟ್ರೇಲರ್ ಮೇಲೆ ಹಾಕಿಕೊಂಡು ಬಂದಾಗ, ತವರಿಗೆ ಕರೆದುಕೊಂಡು ಬಂದ ಹಾಗೆ ಅನ್ನಿಸಿತ್ತು. ಸ್ಟಾರ್ಟ್ ಆಗದ ಗಾಡಿಗೆ 9,500 ಡಾಲರ್ ಕೊಟ್ಟಿದ್ದು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಈ ಗಾಡಿ ರಿಪೇರಿಗೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇಷ್ಟು. ಸೈಕ್ಲೋನ್ ಅಂದರೆ ಹತ್ತು ಮನೆಯಿಂದ ಸಾಲ ತಂದು ಮಾಡಿದ ಅಡುಗೆ. ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು ಆಸ್ಟ್ರೋ ವ್ಯಾನಿನ ಮನೆಯದು. ಗೇರ್ ಹಾಕುವ ಹಿಡಿ ಕಾರ್ವೆಟ್‌ನದು. ಬೂಸ್ಟ್, ಅಂದರೆ ಟರ್ಬೊ ಒತ್ತುವ ಗಾಳಿಯ ಒತ್ತಡ, ತೋರಿಸುವ ಮೀಟರ್ ಬೋರ್ಡು ಪಾಂಟಿಯಾಕ್ ಸನ್‌ಬರ್ಡ್ ಟರ್ಬೊ ಕಾರಿನದು. ಇಂಜಿನ್ನೇ ನೋಡಿ, ಷೆವ್ರೊಲೆಯ ಹಳೇ 350 ವಿ8ರಲ್ಲಿ ಎರಡು ಸಿಲಿಂಡರ್ ಕತ್ತರಿಸಿದರೆ ಬರುವುದೇ ಈ 4.3. ಬೋರು (ಸಿಲಿಂಡರಿನ ಅಗಲ) ಅದೇ 4 ಇಂಚು, ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) ಅದೇ 3.48. ಹೀಗೆ ಸಾಲ ತಂದ ಭಾಗಕ್ಕೆಲ್ಲ ಎಲ್ಲೋ ಒಬ್ಬ ನೆಂಟ ಇದ್ದೇ ಇರುತ್ತಾನೆ, ಗುಜರಿಯಲ್ಲಿ ಸಿಗುತ್ತಾನೆ. ಸ್ವಂತದ್ದು ಅಂತ ಇರುವ ಭಾಗ ಕೆಟ್ಟರೆ ಮಾತ್ರ ಕಷ್ಟ. ನನಗೆ ಇದು ಅರ್ಥ ಆಗಿದ್ದು ಎರಡು ವರ್ಷ ತಡವಾಗಿ.

ಮೊದಲ ತಪ್ಪು ಮಾಡಿದ್ದು ಅಲ್ಲೇ. ಬಾಡಿಯ ಕೆಳಭಾಗಕ್ಕೆ ಸುತ್ತಲೂ ಪ್ಲಾಸ್ಟಿಕ್ಕಿನ ಅಂಚು ಇದೆ. ಇದು ಸೈಕ್ಲೋನಿನ ಸ್ವಂತದ್ದು. ಗಾಡಿ ತಂದ ಉತ್ಸಾಹದಲ್ಲಿ ಜನವರಿ ಚಳಿಯಲ್ಲೇ ಬಿಚ್ಚಲು ಕೂತೆ. ಗ್ಯಾರೇಜಿಗೆ ಹೀಟರ್ ಇರಲಿಲ್ಲ. ಮೂವತ್ತು ವರ್ಷದ ಪ್ಲಾಸ್ಟಿಕ್ಕು, ಸೊನ್ನೆಗಿಂತ ಕೆಳಗಿನ ಚಳಿ, ಕೈಯಲ್ಲಿ ದೊಡ್ಡ ಸ್ಕ್ರೂಡ್ರೈವರ್. ಎಡಬಾಗಿಲ ಕೆಳಗಿನ ತುಂಡು ಹಪ್ಪಳದ ಹಾಗೆ ಮುರಿಯಿತು. ದಯವಿಟ್ಟು ಬೇಸಿಗೆಯವರೆಗೆ ಕಾಯಿರಿ, ಇಲ್ಲಾಂದ್ರೆ ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿಕೊಂಡು ಬಿಚ್ಚಿ. ಆ ತುಂಡನ್ನು ಹಿಂದುಗಡೆಯಿಂದ ಜಾಲರಿ ಇಟ್ಟು, ಎರಡು ಟ್ಯೂಬು ಬೆರೆಸುವ ಪ್ಲಾಸ್ಟಿಕ್ ಅಂಟು ಹಾಕಿ ಕೂಡಿಸಿದೆ. ಉಜ್ಜಿ ಪೇಂಟ್ ಹೊಡೆದ ಮೇಲೆ ಕಾಣುವುದಿಲ್ಲ. ನನಗೆ ಮಾತ್ರ ಕಾಣುತ್ತದೆ.

ಪ್ಲಾಸ್ಟಿಕ್ ಹೋದ ಮೇಲೆ ಒಳಗಿನ ಕತೆ ಹೊರಬಂತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ನೀರು ಪ್ಲಾಸ್ಟಿಕ್ಕಿನ ಹಿಂದೆ ಹೋಗಿ ಕೂತುಬಿಡುತ್ತದೆ, ಹೊರಗಿನಿಂದ ನೋಡಿದರೆ ಗಾಡಿ ಫಳಫಳ ಅನ್ನುತ್ತಿರುತ್ತದೆ. ಬಾಗಿಲ ಕೆಳಗಿನ ತಗಡು ಎರಡೂ ಕಡೆ ತುಕ್ಕು ತಿಂದು ಬೆರಳು ತೂರುವಷ್ಟು ತೂತು. ಕ್ಯಾಬಿನ ಹಿಂದಿನ ಮೂಲೆಗಳೂ ಅಷ್ಟೇ. ಇಲ್ಲಿ ನೆಂಟ ಕೈಹಿಡಿದ. ತಗಡೆಲ್ಲ ಸೊನೋಮಾದ ಅವಳಿ, ಷೆವ್ರೊಲೆಯ ಸಾದಾ ಎಸ್-10 ಪಿಕಪ್ಪಿನದೇ, ರೆಡಿ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕತ್ತರಿಸಿ ವೆಲ್ಡಿಂಗ್ ಮಾಡಿದ್ದು ನಾನೇ. ನನ್ನ ವೆಲ್ಡಿಂಗು ಪಾರಿವಾಳ ಹಿಕ್ಕೆ ಹಾಕಿದ ಹಾಗಿರುತ್ತದೆ, ಆದರೆ ಪ್ಲಾಸ್ಟಿಕ್ ಅಂಚು ಅದನ್ನೂ ಮುಚ್ಚುತ್ತದೆ.

ಬ್ರೇಕ್ ಪೈಪುಗಳ ವಿಷಯ ಬೇಗ ಮುಗಿಸುತ್ತೇನೆ. ಎಲ್ಲ ಕಿತ್ತು ತಾಮ್ರ-ನಿಕಲ್ ಪೈಪು ಹಾಕಿ. ಕೈಯಲ್ಲೇ ಬಗ್ಗುತ್ತದೆ, ತುಕ್ಕಿನ ಕಾಟ ಇಲ್ಲ. ಹಳೇ ಸ್ಟೀಲ್ ಪೈಪನ್ನು ಅಲ್ಲಲ್ಲಿ ತೇಪೆ ಹಾಕಿ ಉಳಿಸೋಣ ಅನ್ನುವ ಯೋಚನೆ ಬೇಡ.

ಈಗ ಇಂಜಿನ್. ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರು ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ನೋಡಿದೆ. ಐದು ಸಿಲಿಂಡರು 125ರಿಂದ 135 ಪಿಎಸ್‌ಐ. ಮೂರನೆಯದು 60. ಅದರ ಸ್ಪಾರ್ಕ್ ಪ್ಲಗ್ ತೆಗೆದು ಬೆಳಕಿಗೆ ಹಿಡಿದರೆ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಬೆಳ್ಳಿ ಚುಕ್ಕಿ. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಅಂದರೆ ಪಿಸ್ಟನ್ ಕರಗಿ ಹಾರುತ್ತಿತ್ತು.

ಇಂಜಿನ್ ಇಳಿಸಬೇಕಾದರೆ ಟರ್ಬೊ ಕಡೆಯ ಎಕ್ಸಾಸ್ಟ್ ಬೋಲ್ಟು ಬಿಚ್ಚಬೇಕು. ಎರಡು ಮುರಿದೆ. ಮೂರನೆಯದಕ್ಕೆ ಕೈ ಹಾಕುವ ಮೊದಲು ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಬೈದು, ಆಮೇಲೆ ಹೇಳಿಕೊಟ್ಟರು. "ಬೋಲ್ಟ್ ಜೊತೆ ಜಗಳ ಆಡಬೇಡ. ಕೆಂಪಗೆ ಕಾಯಿಸು, ಮೇಣದ ಬತ್ತಿ ಮುಟ್ಟಿಸು, ಒಂದು ಬೀಡಿ ಸೇದೋ ಹೊತ್ತು ಬಿಡು." ಬಿಸಿಗೆ ಕರಗಿದ ಮೇಣ ಬೋಲ್ಟಿನ ತ್ರೆಡ್ಡಿನ ಸಂದಿಗೆಲ್ಲ ಇಳಿಯುತ್ತದೆ. ಬೀಡಿ ಇಲ್ಲ, ಟೀ ಕುಡಿದು ಬಂದೆ. ಉಳಿದ ಬೋಲ್ಟುಗಳು ಒಂದೂ ಮುರಿಯದೆ ಬಂದವು. ಮುರಿದ ಎರಡಕ್ಕೆ ಮೇಲೊಂದು ನಟ್ಟು ಇಟ್ಟು ವೆಲ್ಡ್ ಮಾಡಿ, ಬಿಸಿ ಇರುವಾಗಲೇ ಹಿಂದಕ್ಕೆ ತಿರುಗಿಸಿ ತೆಗೆದೆ.

ಹೆಡ್ ಇಳಿಸಿ ನೋಡಿದರೆ ಮೂರನೇ ಪಿಸ್ಟನ್ನಿನ ರಿಂಗು ಕೂರುವ ಅಂಚು ಮುರಿದು ತುಂಡಾಗಿತ್ತು. ಯಾಕೆ ಮುರಿಯಿತು ಅಂತ ತಿಳಿಯದೆ ಹೊಸ ಪಿಸ್ಟನ್ ಹಾಕಿದರೆ ಅದೂ ಮುರಿಯುತ್ತದೆ. ಹಾಗಾಗಿ ಒಂದು ತಿಂಗಳು ಏನೂ ಕೊಳ್ಳದೆ ಹುಡುಕಿದೆ. ಕಾರಣ ಎರಡು ಸಿಕ್ಕಿದವು. ಒಂದು, ಹಿಂದಿನ ಯಾರೋ ಮಾಲೀಕರು ಇಂಜಿನ್ ನಡೆಸುವ ಕಂಪ್ಯೂಟರಿನೊಳಗೆ ಬೂಸ್ಟು ಏರಿಸುವ ಬೇರೆ ಚಿಪ್ ಹಾಕಿಸಿದ್ದರು. ಕಾರ್ಖಾನೆಯಿಂದ ಬಂದಾಗ ಬೂಸ್ಟು ಸುಮಾರು 14 ಪಿಎಸ್‌ಐ, ಈ ಚಿಪ್ಪಿಗೆ ಅದು ಸಾಲಲಿಲ್ಲ. ಎರಡು, ಇದೇ ದೊಡ್ಡದು, ಇಂಟರ್‌ಕೂಲರಿನ ನೀರಿನ ಪಂಪು ಸತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟರ್ಬೊ ಗಾಳಿಯನ್ನು ಒತ್ತಿದಾಗ ಗಾಳಿ ಬಿಸಿಯಾಗುತ್ತದೆ, ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುತ್ತಲ್ಲ ಹಾಗೆ. ಆ ಬಿಸಿ ಗಾಳಿ ಹಾಗೇ ಸಿಲಿಂಡರಿಗೆ ಹೋದರೆ ಪೆಟ್ರೋಲು ತನ್ನ ಸಮಯಕ್ಕೆ ಕಾಯದೆ ಸಿಡಿಯುತ್ತದೆ, ಪಿಸ್ಟನ್ನಿಗೆ ಸುತ್ತಿಗೆ ಏಟು ಬಿದ್ದ ಹಾಗೆ. ಅದಕ್ಕೆ ಮಧ್ಯೆ ಇಂಟರ್‌ಕೂಲರ್ ಇಟ್ಟಿದ್ದಾರೆ. ಸುಮಾರು ಗಾಡಿಗಳಲ್ಲಿ ಇದು ಮುಂದೆ ಕೂತು ಎದುರು ಗಾಳಿಗೆ ತಣ್ಣಗಾಗುತ್ತದೆ. ಸೈಕ್ಲೋನಿನಲ್ಲಿ ಇಂಜಿನ್ ಮೇಲೆಯೇ ಕೂತು ನೀರಿನಿಂದ ತಣ್ಣಗಾಗುತ್ತದೆ. ಆ ನೀರಿಗೆ ಬೇರೆಯೇ ಪುಟ್ಟ ರೇಡಿಯೇಟರು, ಬೇರೆಯೇ ಕರೆಂಟಿನ ಪಂಪು. ಇಂಜಿನ್ನಿನ ನೀರಿಗೂ ಇದಕ್ಕೂ ಸಂಬಂಧ ಇಲ್ಲ. ಪಂಪು ನಿಂತರೆ ಇಂಜಿನ್ ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುವುದಿಲ್ಲ, ಗಾಡಿ ಸ್ವಲ್ಪ ಮಂಕಾಯಿತು ಅನ್ನಿಸುತ್ತದೆ ಅಷ್ಟೇ. ಮಂಕಾಯಿತು ಅಂತ ಯಾರೋ ಚಿಪ್ ಹಾಕಿಸಿದರು ಅಂತ ನನ್ನ ಊಹೆ.

ಹೊಸ ಪಂಪು ಎಲ್ಲಿಂದ ಅಂತೀರಾ? ಎದುರು ಪಾರ್ಟಿಯಿಂದ. ಫೋರ್ಡಿನ ಲೈಟ್ನಿಂಗ್ ಪಿಕಪ್ಪಿಗೆ ಬರುತ್ತಿದ್ದ ಬಾಷ್ ಪಂಪು ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಎಷ್ಟೋ ಸೈಕ್ಲೋನ್ ಮಾಲೀಕರು ಅದನ್ನೇ ಹಾಕುತ್ತಾರೆ. ನೀವು ಹಳೇ ಸೈಕ್ಲೋನ್ ನೋಡಲು ಹೋದರೆ ಪೇಂಟು ಆಮೇಲೆ ನೋಡಿ, ಮೊದಲು ಆ ಪಂಪಿನ ಮೇಲೆ ಕೈಯಿಡಿ. ಕೈಗೆ ನಡುಕ ಸಿಗಬೇಕು.

ಬ್ಲಾಕನ್ನು ಲೇತ್ ಅಂಗಡಿಗೆ ಕೊಟ್ಟು ಸಿಲಿಂಡರುಗಳನ್ನು ಮೂವತ್ತು ತೌ (ಇಂಚಿನ ಸಾವಿರದಲ್ಲಿ ಮೂವತ್ತು ಪಾಲು) ದೊಡ್ಡದು ಮಾಡಿಸಿದೆ. ಎರಕದ ಪಿಸ್ಟನ್ ಬದಲು ಫೋರ್ಜ್ ಮಾಡಿದ ಪಿಸ್ಟನ್ ತರಿಸಿದೆ. 350ರ ನೆಂಟಸ್ತಿಕೆ ಇರುವುದರಿಂದ ಬೇಕಾದಷ್ಟು ಆಯ್ಕೆ ಇದೆ. ಪಿಸ್ಟನ್ನಿನ ಮೇಲ್ಭಾಗದ ಗುಂಡಿಯ ಅಳತೆ ಮಾತ್ರ ಸರಿಯಾಗಿ ಲೆಕ್ಕ ಹಾಕಿ, ಕಂಪ್ರೆಷನ್ ಅನುಪಾತ ಹಳೆಯ 8.35ರ ಹತ್ತಿರವೇ ಇರಬೇಕು. ಟರ್ಬೊ ಬಿಚ್ಚಿ ಕಟ್ಟುವ ಧೈರ್ಯ ಆಗಲಿಲ್ಲ, ಅದು ಬಲ್ಲವರಿಗೆ ಕೊಟ್ಟೆ. ಚಿಪ್ಪು ಮೊದಲಿನದೇ ಬರೆಸಿ ಹಾಕಿದೆ.

ಕೂಡಿಸಿದ ಮೇಲೆ ಸೀದಾ ಸ್ಟಾರ್ಟ್ ಮಾಡಬೇಡಿ. ಈ ಇಂಜಿನ್ನಿನಲ್ಲಿ ಆಯಿಲ್ ಪಂಪು ತಿರುಗುವುದು ಡಿಸ್ಟ್ರಿಬ್ಯೂಟರಿನ, ಅಂದರೆ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗದ, ಕೆಳತುದಿಯಿಂದ. ಡಿಸ್ಟ್ರಿಬ್ಯೂಟರ್ ಹೊರತೆಗೆದು, ಉದ್ದನೆ ಸಲಾಕೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಪಂಪು ತಿರುಗಿಸಿದೆ, ಆಯಿಲ್ ಪ್ರೆಷರ್ ಬರುವವರೆಗೆ. ಖುಷಿಯಾಯಿತು. ಆ ಖುಷಿಯಲ್ಲೇ ಡಿಸ್ಟ್ರಿಬ್ಯೂಟರನ್ನು ಉಲ್ಟಾ ಕೂರಿಸಿದೆ, ಪೂರ್ತಿ ಅರ್ಧ ಸುತ್ತು. ಕೀ ತಿರುಗಿಸಿದರೆ ಡಬ್ ಅಂತ ಒಂದು ಸದ್ದು, ಪಕ್ಕದ ಮನೆ ನಾಯಿ ಬೇಲಿ ಹಾರಿತು. ಒಂದನೇ ಸಿಲಿಂಡರ್ ಮೇಲೆ ಬಂದಾಗ ಅದು ಕಂಪ್ರೆಷನ್ನಿನಲ್ಲೇ ಮೇಲೆ ಬಂದಿದೆಯಾ ಅಂತ ಪ್ಲಗ್ ತೂತಿಗೆ ಬೆರಳಿಟ್ಟು ನೋಡಬೇಕು. ಗಾಳಿ ಬೆರಳನ್ನು ತಳ್ಳಬೇಕು. ಹದಿನೈದು ವರ್ಷ ಆಟೊಮೊಬೈಲ್ ಕೆಲಸದಲ್ಲಿರುವ ನಾನು ಈ ತಪ್ಪು ಮಾಡಿದೆ ಅಂತ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಸರಿ ಮಾಡಿ ಸ್ಟಾರ್ಟ್ ಮಾಡಿದ ದಿನ ಅಪ್ಪ ಫೋನಿನಲ್ಲಿದ್ದರು. ನಾನು ಕುಣಿಯುತ್ತಿದ್ದರೆ ಅವರು, "ಪಿಸ್ಟನ್ ಕುಟ್ತಾ ಇದೆಯಲ್ಲೋ" ಅಂದರು. ಎಂಟು ಸಾವಿರ ಮೈಲಿ ದೂರದಿಂದ, ಫೋನಿನ ಮೈಕಿನಲ್ಲಿ! ಫೋರ್ಜ್ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಸಂದಿ ಸ್ವಲ್ಪ ಹೆಚ್ಚು ಬಿಟ್ಟಿರುತ್ತಾರೆ, ತಣ್ಣಗಿರುವಾಗ ಟಕಟಕ ಅನ್ನುತ್ತದೆ ಅಂತ ವಿವರಿಸಿದೆ. ಎರಡು ನಿಮಿಷಕ್ಕೆ ಸದ್ದು ನಿಂತಿತು. "ಹ್ಞೂಂ" ಅಂದರು. ಅವರ ಹ್ಞೂಂ ಅಂದರೆ ನನಗೆ ಸರ್ಟಿಫಿಕೇಟು.

ಓಡಿಸಲು ಶುರು ಮಾಡಿದ ಮೇಲೆ ತಿರುವುಗಳಲ್ಲಿ ಗಾಡಿ ಬಿಗಿಹಿಡಿದ ಹಾಗೆ ಎಳೆಯುತ್ತಿತ್ತು. ಟ್ರಾನ್ಸ್‌ಫರ್ ಕೇಸು ಶಕ್ತಿಯನ್ನು ಮುಂದೆ 35, ಹಿಂದೆ 65 ಪಾಲು ಹಂಚುತ್ತದೆ, ನಡುವೆ ಒಂದು ವಿಸ್ಕಸ್ ಕಪ್ಲಿಂಗ್, ಅಂದರೆ ದಪ್ಪ ಎಣ್ಣೆಯ ಮೂಲಕ ಎರಡು ಕಡೆಯನ್ನೂ ಜೋಡಿಸುವ ಭಾಗ. ಹಳೇ ಮಾಲೀಕರು ಹಿಂದೆರಡು ಟೈರು ಮಾತ್ರ ಹೊಸದು ಹಾಕಿ ಓಡಿಸಿದ್ದರು. ಮುಂದಿನ ಹಿಂದಿನ ಟೈರಿನ ಸುತ್ತಳತೆ ಬೇರೆ ಆದರೆ ಆ ಕಪ್ಲಿಂಗ್ ಇಡೀ ದಿನ ಒದ್ದಾಡಿ ಸುಟ್ಟು ಹೋಗುತ್ತದೆ. ನಾಲ್ಕೂ ಟೈರು ಒಟ್ಟಿಗೇ ಬದಲಿಸಿ, ಇದರಲ್ಲಿ ಜಿಪುಣತನ ಬೇಡ. ಗುಜರಿಯಲ್ಲಿ ಆಸ್ಟ್ರೋ ವ್ಯಾನಿನ ಟ್ರಾನ್ಸ್‌ಫರ್ ಕೇಸು ಸಿಕ್ಕಿತು, ಶನಿವಾರ ಒಂದೇ ದಿನದಲ್ಲಿ ಕೆಲಸ ಮುಗಿಯಿತು.

2022ರ ಸೆಪ್ಟೆಂಬರಿನಲ್ಲಿ ಪೇಂಟೂ ಮುಗಿಯಿತು. ಕಪ್ಪು ಬಣ್ಣದ ಬಗ್ಗೆ ಒಂದೇ ಮಾತು, ಅದು ಚಾಡಿಕೋರ. ಪುಟ್ಟಿ ಎಲ್ಲಿ ಸರಿಯಾಗಿ ಉಜ್ಜಿಲ್ಲವೋ ಅದನ್ನು ಊರಿಗೆಲ್ಲ ಹೇಳುತ್ತದೆ.

ಮರುವರ್ಷ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದರು. ಅಪ್ಪ ಜೆಟ್ ಲ್ಯಾಗ್ ಲೆಕ್ಕಿಸದೆ ಬೆಳಗ್ಗೆ ಐದಕ್ಕೇ ಲುಂಗಿ ಉಟ್ಟು ಗ್ಯಾರೇಜಿಗೆ ಇಳಿದಿದ್ದರು. ಹಿಂದಿನ ಪಾಟಾ ಸವರಿದರು, ವೆಲ್ಡಿಂಗ್ ನೋಡಿ ಏನೂ ಅನ್ನಲಿಲ್ಲ. ವುಡ್‌ವರ್ಡ್ ಅವೆನ್ಯೂಗೆ ಕರೆದುಕೊಂಡು ಹೋದೆ. ಭಾನುವಾರ ಮುಂಜಾನೆ, ರಸ್ತೆ ಖಾಲಿ. ಸಿಗ್ನಲ್ ಹಸಿರಾಯಿತು, ಎಡಗಾಲಲ್ಲಿ ಬ್ರೇಕ್ ಹಿಡಿದು ಸ್ವಲ್ಪ ಬೂಸ್ಟ್ ಏರಿಸಿಕೊಂಡು ಬಿಟ್ಟೆ. ಚಕ್ರ ತಿರುಗಿ ಕಿರುಚುವುದೇನೂ ಇಲ್ಲ, ಹಿಂದಿನಿಂದ ಆನೆ ತಳ್ಳಿದ ಹಾಗೆ ಹೊರಟಿತು. ರಸ್ತೆಯ ವೇಗದ ಮಿತಿ ಮುಟ್ಟಿದ ತಕ್ಷಣ ಕಾಲು ತೆಗೆದೆ. ಅಪ್ಪನ ಒಂದು ಕೈ ಬಾಗಿಲಿಗೆ, ಒಂದು ಕೈ ಲುಂಗಿಗೆ.

ಮುಂದಿನ ಸಿಗ್ನಲ್‌ವರೆಗೆ ಮಾತಿಲ್ಲ. ಆಮೇಲೆ ಮೀಟರ್ ಬೋರ್ಡಿನ ಕಡೆ ಬೆರಳು ತೋರಿಸಿ, "ಆ ದೀಪ ಯಾಕೆ ಉರೀತಿದೆ?" ಅಂದರು. ಎಬಿಎಸ್ ದೀಪ. ಬ್ರೇಕೇನೋ ಹಿಡಿಯುತ್ತದೆ, ದೀಪ ಮಾತ್ರ ಮನಸ್ಸು ಬಂದಾಗ ಹೊತ್ತಿಕೊಳ್ಳುತ್ತದೆ. ಎಬಿಎಸ್ ಘಟಕ ಈಗ ಹೊಸದು ಸಿಗುವುದಿಲ್ಲ, ಅದರ ಜೊತೆ ಮಾತಾಡಲು ಆ ಕಾಲದ ಸ್ಕ್ಯಾನರೇ ಬೇಕು, ಎಲ್ಲ ವೈರೂ ಹುಡುಕಿ ಆಯಿತು ಅಂತ ಉದ್ದಕ್ಕೆ ಶುರು ಮಾಡಿದೆ.

"ಬಲ್ಬು ಕಿತ್ತುಬಿಡು" ಅಂದರು ಅಪ್ಪ.

ಇನ್ನೂ ಕಿತ್ತಿಲ್ಲ.