ಬೈತಲೆ ಅಗಲವಾದ ಮೇಲೆ: ಕೂದಲಿನ ಚಿಕಿತ್ಸೆಯಲ್ಲಿ ನನ್ನ ಅನುಭವ

ಮೂರು ವರ್ಷಗಳ ಹಿಂದೆ ಉಡುಪಿಯಲ್ಲಿ ನಡೆದ ಸಂಬಂಧಿಕರ ಮದುವೆಗೆ ಶಂಕರಪುರ ಮಲ್ಲಿಗೆ ಮುಡಿದು ಹೊರಟಾಗ, ಎರಡು ಪಿನ್ನು ಚುಚ್ಚಿದರೂ ಹೂ ಜಡೆಯಲ್ಲಿ ನಿಲ್ಲಲಿಲ್ಲ. ಬಾಚಣಿಗೆಗೆ ಬರುತ್ತಿದ್ದ ಕೂದಲನ್ನು ಅದುವರೆಗೆ ಕಂಡೂ ಕಾಣದಂತಿದ್ದ ನಾನು ಅಂದು ಸಂಜೆ ಕಿಟಕಿಯ ಬೆಳಕಿನಲ್ಲಿ ತಲೆ ಬಗ್ಗಿಸಿ ಕುಳಿತು ಮಗಳಿಂದ ಫೋಟೊ ತೆಗೆಸಿಕೊಂಡೆ. ಬೈತಲೆ ಅಗಲವಾಗಿ, ನೆತ್ತಿಯ ಚರ್ಮ ಎದ್ದು ಕಾಣುತ್ತಿತ್ತು. ಆಗ ನನಗೆ 43 ವರ್ಷ.

ನಮ್ಮ ಕರಾವಳಿಯಲ್ಲಿ ಕೂದಲು ಉದುರಿದರೆ ಮೊದಲ ದೂರು ಬೋರ್‌ವೆಲ್ ನೀರಿನ ಮೇಲೆ, ಎರಡನೆಯದು ಬೆವರಿನ ಮೇಲೆ. ನಾನೂ ಅದನ್ನೇ ನಂಬಿ ಒಂದು ವರ್ಷ ಕಳೆದೆ. ದಾಸವಾಳ ಸೊಪ್ಪಿನ ಗೊಂಪು (ಲೋಳೆ) ಹಾಕಿ ಮಿಂದೆ, ಗರುಗದ (ಭೃಂಗರಾಜ) ಸೊಪ್ಪು ಹಾಕಿ ಕಾಯಿಸಿದ ತೆಂಗಿನೆಣ್ಣೆ ಹಚ್ಚಿದೆ. ಕೂದಲು ನಯವಾಯಿತು, ಸಿಕ್ಕು ಕಡಿಮೆಯಾಯಿತು. ಬೈತಲೆ ಮಾತ್ರ ಅಗಲವಾಗುತ್ತಲೇ ಹೋಯಿತು. ಎಣ್ಣೆಯನ್ನು ಇಂದಿಗೂ ಬಿಟ್ಟಿಲ್ಲ, ಆದರೆ ಎಳೆಯನ್ನು ಕಾಪಾಡುವುದು ಬೇರೆ, ಬೇರು ಕಿರಿದಾಗುವುದನ್ನು ತಡೆಯುವುದು ಬೇರೆ ಎಂದು ತಿಳಿಯಲು ಹೋದ ಆ ವರ್ಷದ ಬಗ್ಗೆ ಈಗಲೂ ಬೇಸರವಿದೆ.

ಕೊನೆಗೆ ಚರ್ಮರೋಗ ತಜ್ಞೆಯೊಬ್ಬರನ್ನು ಕಂಡೆ. ಅವರು ಐವತ್ತರಷ್ಟು ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದು, ಕೈಗೆ ಬಂದದ್ದನ್ನು ಎಣಿಸಿದರು. ಮತ್ತೆ ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೊಸ್ಕೋಪ್ ಇಟ್ಟು, ಒಂದೇ ಜಾಗದಲ್ಲಿ ದಪ್ಪ ಎಳೆಗಳೂ ನೂಲಿನಷ್ಟು ತೆಳುವಾದ ಎಳೆಗಳೂ ಬೆರೆತಿರುವುದನ್ನು ತೋರಿಸಿ, ಇದು ವಂಶಪಾರಂಪರ್ಯವಾಗಿ ಬರುವ ಬಗೆಯ ಕೂದಲುದುರುವಿಕೆಯ ಲಕ್ಷಣ ಎಂದರು. ರಕ್ತಪರೀಕ್ಷೆಗೆ ಮುನ್ನ, ನಾನಾಗಿಯೇ ನುಂಗುತ್ತಿದ್ದ ಬಯೋಟಿನ್ ಎಂಬ ವಿಟಮಿನ್ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಲು ಹೇಳಿದರು. ಅದು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿಸಬಲ್ಲದಂತೆ. ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಸರಿಯಿದ್ದವು, ಆದರೆ ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಬರೀ 11 ಇತ್ತು. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳುವ ಹೆಂಗಸರು ನಮ್ಮಲ್ಲಿ ಬಹಳ ಮಂದಿ.

ಹೀಗೆ ಎರಡು ಕಾರಣಗಳಿಗೆ ಎರಡು ಚಿಕಿತ್ಸೆಗಳು ಜೊತೆಯಾಗಿ ನಡೆದವು. ಕಬ್ಬಿಣದ ಮಾತ್ರೆಯನ್ನು ಲಿಂಬೆ ಶರಬತ್ತಿನೊಂದಿಗೆ ತೆಗೆದುಕೊಂಡು, ಅದರ ಹಿಂದುಮುಂದಿನ ಕಾಫಿಯನ್ನು ದೂರವಿಟ್ಟೆ. ನೆತ್ತಿಗೆ ರಾತ್ರಿ ಒಮ್ಮೆ 5 ಶೇಕಡಾ ಮಿನಾಕ್ಸಿಡಿಲ್, 1 ಮಿಲಿಲೀಟರ್. ಇದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ಸೇವಿಸಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ಔಷಧಿಯಾಗಿ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಹಚ್ಚುವ ಕ್ರಮದಲ್ಲೇ ಅರ್ಧ ಫಲವಿದೆ ಎಂಬುದು ನನ್ನ ಅನಿಸಿಕೆ. ಕೂದಲಿಗಲ್ಲ, ಚರ್ಮಕ್ಕೆ ತಾಗಬೇಕು. ಬಾಚಣಿಗೆಯ ತುದಿಯಿಂದ ಗೆರೆ ಗೆರೆಯಾಗಿ ಕೂದಲು ಬಿಡಿಸಿ, ಪ್ರತಿ ಗೆರೆಗೂ ಕೆಲವು ಹನಿ ಬಿಟ್ಟು ಬೆರಳಿನಿಂದ ಹರಡಿ, ಕೈಯನ್ನು ಸಾಬೂನಿನಿಂದ ತೊಳೆಯುತ್ತಿದ್ದೆ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತಲೆ ಒಣಗುವುದೇ ಕಷ್ಟವಾದ್ದರಿಂದ ಸ್ನಾನವನ್ನು ಬೆಳಗ್ಗೆಗೆ ಬದಲಾಯಿಸಿಕೊಂಡೆ. ಮಲಗುವ ಎರಡು ಗಂಟೆ ಮೊದಲೇ ಹಚ್ಚದಿದ್ದರೆ ದಿಂಬಿನಿಂದ ಔಷಧಿ ಮುಖಕ್ಕೆ ತಾಗುತ್ತದೆ. ಒಂದು ತಿಂಗಳು ಇದನ್ನು ಮರೆತಾಗ ಕೆನ್ನೆಯ ಪಕ್ಕದಲ್ಲಿ ಸಣ್ಣ ಕೂದಲು ಕಾಣಿಸಿಕೊಂಡಿತು.

ನಾಲ್ಕನೆಯ ವಾರದಲ್ಲಿ ಕೂದಲು ಮೊದಲಿಗಿಂತ ಹೆಚ್ಚು ಉದುರತೊಡಗಿತು. ಬಚ್ಚಲಿನ ಜಾಲರಿಯಿಂದ ಮುಷ್ಟಿಯಷ್ಟು ಕೂದಲು ತೆಗೆದ ದಿನ ನಾನು ಅತ್ತೆ. ಹಳೆಯ ಎಳೆಗಳನ್ನು ತಳ್ಳಿ ಹೊಸ ಎಳೆಗಳು ಹೊರಡುವ ಹಂತ ಇದೆಂದು ವೈದ್ಯೆ ಮೊದಲೇ ಹೇಳಿರದಿದ್ದರೆ ಅಂದೇ ಬಾಟಲಿಯನ್ನು ಎಸೆಯುತ್ತಿದ್ದೆ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್ ಮಾತ್ರ. ಹಾಗಾಗಿ ಪ್ರತಿ ತಿಂಗಳ ಮೊದಲ ದಿನ ಅದೇ ಕಿಟಕಿಯ ಬಳಿ ಫೋಟೊ ತೆಗೆಸಿದೆ; ಕನ್ನಡಿ ಮನಸ್ಸಿನಂತೆ ಬದಲಾಗುತ್ತದೆ, ಫೋಟೊ ಬದಲಾಗದು. ಐದನೆಯ ಫೋಟೊದಲ್ಲಿ ಬೈತಲೆಯ ಎರಡೂ ಬದಿ ಗಿಡ್ಡ ಮರಿಗೂದಲು ನಿಂತಿತ್ತು. ಫೆರಿಟಿನ್ 48ಕ್ಕೆ ಏರಿತ್ತು.

ಈ ನಡುವೆ ಮಂಗಳೂರಿನ ಕ್ಲಿನಿಕ್ ಒಂದರಲ್ಲಿ, ಕಾರಣವನ್ನು ಕೇಳದೆಯೇ ಪಿಆರ್‌ಪಿ ಚುಚ್ಚುಮದ್ದಿನ ಪ್ಯಾಕೇಜಿಗೆ ಮುಂಗಡ ಕಟ್ಟಲು ಒತ್ತಾಯಿಸಿದರು. ನಮ್ಮದೇ ರಕ್ತದ ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಿ ನೆತ್ತಿಗೆ ಚುಚ್ಚುವ ಈ ವಿಧಾನದಿಂದ ಕೆಲವರಿಗೆ ಪ್ರಯೋಜನವಾಗುತ್ತದೆ, ಆದರೆ ಫಲ ಎಲ್ಲರಲ್ಲೂ ಒಂದೇ ಅಲ್ಲ. ನಾನು ಒಪ್ಪಲಿಲ್ಲ. ಕೂದಲುದುರುವುದಕ್ಕೆ ಗಂಡಸರಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ಮನೆಯಲ್ಲಿ ಯಾರಾದರೂ ಸೇವಿಸುತ್ತಿದ್ದರೆ, ಗರ್ಭಿಣಿಯರು ಅದರ ತುಂಡನ್ನೂ ಮುಟ್ಟಬಾರದು.

ಮಿನಾಕ್ಸಿಡಿಲ್ ನಿಲ್ಲಿಸಿದರೆ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ, ಹಾಗಾಗಿ ನಾನು ಮುಂದುವರಿಸಿದ್ದೇನೆ. ಹೆರಿಗೆಯಾಗಿ ಮೂರು ತಿಂಗಳಿಗೆ ಕೂದಲು ಉದುರುತ್ತಿದೆಯೆಂದು ತಂಗಿಯ ಮಗಳು ನನ್ನ ಬಾಟಲಿ ಕೇಳಿದಾಗ ಮಾತ್ರ ಕೊಡಲಿಲ್ಲ. ಅವಳು ಮೊಲೆಯೂಡುತ್ತಿದ್ದಳು, ಅವಳ ಕಾರಣವೂ ನನ್ನದಲ್ಲ. ವೈದ್ಯೆಯ ಬಳಿ ಕರೆದುಕೊಂಡು ಹೋದೆ, ಫೆರಿಟಿನ್ ನೋಡಿಸಿದೆವು, ಕಾಯ್ದೆವು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅವಳ ಕೂದಲು ತಾನಾಗಿಯೇ ತುಂಬಿಕೊಂಡಿತ್ತು.