ಹಾರ್ಬರ್‌ನಲ್ಲಿ ಬರೆದ ವ್ಯಾಪಾರ ತಂತ್ರಾಂಶಕ್ಕೆ ಡೇಟಾಬೇಸ್ ಆರಿಸುವ ಬಗೆ

ಡಾಸ್ ಕಾಲದ ಕ್ಲಿಪ್ಪರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮುಕ್ತ ಉತ್ತರಾಧಿಕಾರಿಯಾಗಿ 1999ರಲ್ಲಿ ಆರಂಭವಾದ ಹಾರ್ಬರ್ ಇಂದು ಕೆಲವೇ ಮಂದಿ ಬಳಸುವ ಭಾಷೆಯಾಗಿದ್ದರೂ, ಬಿಲ್ಲು, ದಾಸ್ತಾನು ಮತ್ತು ಲೆಕ್ಕಪತ್ರದ ತಂತ್ರಾಂಶಗಳನ್ನು ಅದರಲ್ಲಿ ನಡೆಸಿಕೊಂಡು ಬರುತ್ತಿರುವವರು ಈಗಲೂ ಇದ್ದಾರೆ. ಇಂಥವರು ಡೇಟಾಬೇಸ್ ಆರಿಸುವಾಗ ಮೊದಲು ವೇಗವನ್ನು ಹೋಲಿಸುತ್ತಾರೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಬಿಲ್ಲನ್ನು ಅರ್ಧವಷ್ಟೇ ಬರೆದಿರುವಾಗ ವಿದ್ಯುತ್ ಹೋದರೆ ಏನಾಗುತ್ತದೆ?

ಬಿಲ್ಲು ಉಳಿಸುವುದೆಂದರೆ ಬಿಲ್ಲಿನ ತಲೆಬರಹ, ಸರಕುಗಳ ಸಾಲುಗಳು, ದಾಸ್ತಾನಿನ ಇಳಿಕೆ, ಗ್ರಾಹಕರ ಖಾತೆಯ ಬಾಕಿ ಎಂಬ ನಾಲ್ಕು ಕಡೆ ಬರೆಯುವುದು. ಕ್ಲಿಪ್ಪರ್ ಕಾಲದಿಂದ ಬಂದ, ಒಂದೊಂದು ಕೋಷ್ಟಕವನ್ನು ಒಂದೊಂದು ಕಡತದಲ್ಲಿಡುವ ಡಿಬಿಎಫ್ ಕಡತಗಳಲ್ಲಿ ಆರ್‌ಲಾಕ್, ಅಂದರೆ ದಾಖಲೆಯ ಬೀಗ, ಹಾಕಿ ಒಂದೊಂದು ದಾಖಲೆಯನ್ನು ಕಾಯಬಹುದೇ ಹೊರತು, ಈ ನಾಲ್ಕೂ ಒಟ್ಟಿಗೆ ಆಗಲಿ ಇಲ್ಲವೇ ಯಾವುದೂ ಆಗದಿರಲಿ ಎಂದು ಹೇಳುವ ಟ್ರಾನ್ಸಾಕ್ಷನ್ ವ್ಯವಸ್ಥೆ ಅಲ್ಲಿಲ್ಲ. ಸಾಲುಗಳು ಬರೆದಾಗಿ ದಾಸ್ತಾನು ಇಳಿಯದೆ ಉಳಿದರೆ ಆ ವ್ಯತ್ಯಾಸ ವರ್ಷಾಂತ್ಯದ ಎಣಿಕೆಯವರೆಗೂ ಯಾರ ಕಣ್ಣಿಗೂ ಬೀಳದಿರಬಹುದು. ಆದ್ದರಿಂದ ಹಣದ ಲೆಕ್ಕವಿರುವ ಹೊಸ ತಂತ್ರಾಂಶವನ್ನು ಡಿಬಿಎಫ್ ಮೇಲೆ ಕಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ದರಪಟ್ಟಿಯಂತಹ, ಹೆಚ್ಚಾಗಿ ಓದಲಷ್ಟೇ ಬಳಸುವ ಮಾಹಿತಿಗೆ ಅದು ಇಂದಿಗೂ ಸಾಕು.

ಎರಡನೆಯ ಪ್ರಶ್ನೆ, ಎಷ್ಟು ಗಣಕಗಳು ಏಕಕಾಲಕ್ಕೆ ಬರೆಯುತ್ತವೆ ಎಂಬುದು. ಒಂದೇ ಗಣಕವಾದರೆ, ಸರ್ವರ್ ಇಲ್ಲದೆ ಒಂದೇ ಕಡತದಲ್ಲಿರುವ ಡೇಟಾಬೇಸಾದ ಎಸ್‌ಕ್ಯುಲೈಟ್ ಸಾಕು; ಅದರ ಜೋಡಣೆಯ ಲೈಬ್ರರಿ ಹಾರ್ಬರ್‌ನ ಜೊತೆಯಲ್ಲೇ ಬರುತ್ತದೆ. ಆದರೆ ಆ ಕಡತವನ್ನು ಹಂಚಿಕೆಯ ಫೋಲ್ಡರ್‌ನಲ್ಲಿಟ್ಟು ಹಲವರು ತೆರೆಯುವಂತೆ ಮಾಡಬಾರದು, ಏಕೆಂದರೆ ನೆಟ್‌ವರ್ಕ್ ಕಡತವ್ಯವಸ್ಥೆಗಳಲ್ಲಿ ಲಾಕ್‌ಗಳನ್ನು ನಂಬಲಾಗದು, ಬದಲಾವಣೆಗಳನ್ನು ಮೊದಲು ಬೇರೊಂದು ಕಡತದಲ್ಲಿ ಬರೆದಿಡುವ ಅದರ ಡಬ್ಲ್ಯುಎಎಲ್ ವಿಧಾನವಂತೂ ಅಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಎರಡು ಕೌಂಟರ್ ಇದ್ದರೂ ಪೋಸ್ಟ್‌ಗ್ರೆಸ್ ಅಥವಾ ಮರಿಯಾಡಿಬಿಯಂತಹ ಸರ್ವರ್‌ಗೆ ಹೋಗುವುದೇ ಸರಿ.

ಸಾವಿರಾರು ಸಾಲುಗಳ ಹಳೆಯ ಕೋಡ್ ಇದ್ದವರಿಗೆ ಆರ್‌ಡಿಡಿ, ಅಂದರೆ ಬದಲಾಯಿಸಬಹುದಾದ ಡೇಟಾಬೇಸ್ ಚಾಲಕ, ಒಂದು ನಡುದಾರಿ. ಡಿಬಿಎಫ್ ಕಡತಗಳನ್ನೇ ನೋಡಿಕೊಳ್ಳುವ ಲೆಟೊಡಿಬಿಯಂತಹ ಸರ್ವರ್ ಬಳಸಿದರೆ ದಾಖಲೆ ಹುಡುಕುವ ಸೀಕ್, ಮುಂದಿನದಕ್ಕೆ ಹೋಗುವ ಸ್ಕಿಪ್ ಆದೇಶಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಕಡತವನ್ನು ಸರ್ವರ್ ಮಾತ್ರ ಮುಟ್ಟುವುದರಿಂದ ನೆಟ್‌ವರ್ಕ್‌ನಿಂದ ಇಂಡೆಕ್ಸ್ ಕೆಡುವ ಸಂಭವವೂ ತಗ್ಗುತ್ತದೆ. ಹಳೆಯ ಆದೇಶಗಳನ್ನು ಡೇಟಾಬೇಸ್ ಸರ್ವರ್‌ಗಳ ಪ್ರಶ್ನೆಭಾಷೆಯಾದ ಎಸ್‌ಕ್ಯುಎಲ್‌ಗೆ ತಿರುಗಿಸಿಕೊಡುವ ಚಾಲಕಗಳೂ ಇವೆ. ಆದರೆ ಒಂದೊಂದೇ ದಾಖಲೆಯನ್ನು ಸ್ಕಿಪ್ ಮಾಡುತ್ತ ಮೊತ್ತ ಕೂಡಿಸುವ ವರದಿಗಳು ಅವುಗಳ ಮೇಲೆ ತೀರ ನಿಧಾನವಾಗಬಹುದಾದ್ದರಿಂದ, ಅಂತಹ ವರದಿಗಳನ್ನಾದರೂ ನೇರ ಎಸ್‌ಕ್ಯುಎಲ್‌ನಲ್ಲಿ ಬರೆಯಬೇಕಾಗುತ್ತದೆ.

ಹಣದ ಕಾಲಂ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಡಿಬಿಎಫ್‌ನ ಸಂಖ್ಯಾ ಕ್ಷೇತ್ರವು ಅಂಕಿಗಳನ್ನು ದಶಮಾಂಶ ಅಕ್ಷರಗಳಾಗಿಯೇ ಇಡುತ್ತದೆ. ಎಸ್‌ಕ್ಯುಲೈಟ್‌ನಲ್ಲಿ ನಿಖರ ದಶಮಾಂಶದ ಪ್ರಕಾರವಿಲ್ಲ. ಹೀಗಾಗಿ ಅಲ್ಲಿ ₹1,249.50 ಎಂಬುದನ್ನು 124950 ಪೈಸೆಯೆಂದು ಪೂರ್ಣಾಂಕವಾಗಿ ಉಳಿಸಿ. ಪೋಸ್ಟ್‌ಗ್ರೆಸ್‌ನಲ್ಲಾದರೆ ನ್ಯೂಮೆರಿಕ್ ಪ್ರಕಾರ ಬಳಸಬಹುದು.

ಕನ್ನಡದಲ್ಲಿ ಹೆಸರು ದಾಖಲಿಸುವವರಿಗೆ ಇನ್ನೊಂದು ತೊಡಕಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಶ್ರೀನಿವಾಸಮೂರ್ತಿ’ ಎಂಬ ಹೆಸರಿನಲ್ಲಿ ಒತ್ತು, ಗುಣಿತ ಸೇರಿ 15 ಸಂಕೇತಗಳಿರುವುದರಿಂದ 45 ಬೈಟ್ ಆಗುತ್ತದೆ. 30 ಬೈಟ್ ಅಗಲದ ಡಿಬಿಎಫ್ ಕ್ಷೇತ್ರದಲ್ಲಿ ಅದು ‘ಶ್ರೀನಿವಾಸಮ’ ಎಂದು ತುಂಡಾಗುತ್ತದೆ. ಎಸ್‌ಕ್ಯುಲೈಟ್ ಮತ್ತು ಪೋಸ್ಟ್‌ಗ್ರೆಸ್‌ಗಳ ಟೆಕ್ಸ್ಟ್ ಕಾಲಂನಲ್ಲಿ ಈ ಸಮಸ್ಯೆಯಿಲ್ಲ.

ಯಾವುದನ್ನೇ ಆರಿಸಿದರೂ ಡೇಟಾಬೇಸ್ ಮುಟ್ಟುವ ಕೋಡ್ ಪರದೆಗಳ ನಡುವೆ ಚದುರಿರದೆ ಒಂದೇ ಕಡತದಲ್ಲಿರಲಿ. ಬಳಕೆದಾರರು ಕಡಿಮೆಯಿರುವ ಭಾಷೆಯಲ್ಲಿ ಜೋಡಣೆಯ ಲೈಬ್ರರಿಯೊಂದರ ನಿರ್ವಹಣೆ ಯಾವಾಗ ಬೇಕಾದರೂ ನಿಲ್ಲಬಹುದು. ಆಗ ಆ ಒಂದು ಕಡತವನ್ನು ಬದಲಿಸಿದರೆ ಸಾಕಾಗಬೇಕು. ಮೌಲ್ಯಗಳನ್ನು ಎಸ್‌ಕ್ಯುಎಲ್ ವಾಕ್ಯದೊಳಗೆ ಅಂಟಿಸದೆ ಬೈಂಡ್ ಮಾಡಿಯೇ, ಅಂದರೆ ವಾಕ್ಯದಿಂದ ಬೇರೆಯಾಗಿ, ಕಳುಹಿಸಿ.

ನಿರ್ಧಾರಕ್ಕೆ ಮುನ್ನ ಬಿಲ್ಲು ಉಳಿಸುವ ಭಾಗವನ್ನಷ್ಟೇ ಬರೆದು, ಸಾಲುಗಳು ಬರೆಯಲ್ಪಡುತ್ತಿರುವಾಗಲೇ ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸಿ, ಮತ್ತೆ ತೆರೆದಾಗ ನಾಲ್ಕೂ ಕಡೆಯ ಲೆಕ್ಕ ತಾಳೆಯಾಗುವುದೇ ಎಂದು ನೋಡಿ. ಬ್ಯಾಕಪ್ ತೆಗೆದು ಬೇರೊಂದು ಗಣಕದಲ್ಲಿ ಮರಳಿ ಸ್ಥಾಪಿಸಿಯೂ ನೋಡಿ: ಡಿಬಿಎಫ್‌ನಲ್ಲಿ ಅದಕ್ಕಾಗಿ ಎಲ್ಲರೂ ತಂತ್ರಾಂಶದಿಂದ ಹೊರಬರಬೇಕು, ಪೋಸ್ಟ್‌ಗ್ರೆಸ್‌ನಲ್ಲಿ ಕೌಂಟರ್ ನಡೆಯುತ್ತಿರುವಾಗಲೇ ಅದರ ಬ್ಯಾಕಪ್ ಸಾಧನವಾದ ಪಿಜಿ-ಡಂಪ್ ಚಲಾಯಿಸಬಹುದು.