ಏಳನೇ ತರಗತಿಯ ಗಣಿತ ಬೆಟ್ಟದಲ್ಲಿ

"ಬೆಟ್ಟ ತಿರುಗೋಕೆ ಶಾಲೆ ಯಾಕೆ ಮೇಷ್ಟ್ರೇ, ದನದ ಹಿಂದೆ ಕಳಿಸಿದ್ರೆ ಆಗ್ತಿತ್ತಲ್ಲ" ಎಂದಿದ್ದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೇ ಈಗ ಕತ್ತಿ ಹಿಡಿದು ದಾರಿ ಸವರಿಕೊಡುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ನಮ್ಮದು ಶಿರಸಿ ಸೀಮೆ, ಶಾಲೆಯ ಬೆನ್ನಿಗೇ ಸೊಪ್ಪಿನ ಬೆಟ್ಟ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು. ಪಾಠ ಅಲ್ಲೇ ಮಾಡೋಣವೆಂದು ಮೊದಲು ಐದರಿಂದ ಏಳನೇ ತರಗತಿಯವರೆಗಿನ ಎಲ್ಲರನ್ನೂ ಕರೆದೊಯ್ದಾಗ ಅದು ಪಿಕ್ನಿಕ್ ಆಯಿತು. ವರ್ಕ್‌ಶೀಟಿನ ಲ್ಯಾಮಿನೇಷನ್, ಉಕ್ಕಿನ ಟೇಪು ಎಂದು 2,000 ರೂಪಾಯಿಯ ಆಸುಪಾಸು ಕೈಯಿಂದ ಹೋಯಿತು. ಟೇಪು ಒಂದೇ ಮಳೆಗಾಲಕ್ಕೆ ತುಕ್ಕು. ಈಗ ಗೇಣುಗೇಣಿಗೆ ಗಂಟು ಹಾಕಿದ ಸುತಲಿ, ಐವತ್ತು ರೂಪಾಯಿಯೊಳಗೆ. ಏಳನೇ ತರಗತಿ ಮಾತ್ರ, ನಾಲ್ವರಿಗೊಂದು ಮರ.

ಮತ್ತಿ ಮರದ ಸುತ್ತಳತೆ ಹಿಡಿದು 3.14ರಿಂದ ಭಾಗಿಸಿದರೆ ವ್ಯಾಸ. ಎತ್ತರಕ್ಕೆ ನೆರಳಿನ ಲೆಕ್ಕ ಬೆಟ್ಟದೊಳಗೆ ನಡೆಯಲ್ಲ, ಯಾವ ಮರದ ನೆರಳು ಯಾವುದೆಂದೇ ತಿಳಿಯದು. ಚೌಕ ಹಾಳೆಯನ್ನು ಮೂಲೆಗೆ ಮೂಲೆ ಮಡಚಿ, ಕೆಳಬದಿ ನೆಲಕ್ಕೆ ಸಮನಾಗಿ ಹಿಡಿದು, ಅದರ ಓರೆ ಅಂಚಿನಗುಂಟ ಮರದ ತುದಿ ಕಾಣುವವರೆಗೆ ಹಿಂದೆ ಸರಿಯಬೇಕು. ನೆಲ ಸಮತಟ್ಟಿದ್ದರೆ ಬುಡದವರೆಗಿನ ದೂರಕ್ಕೆ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ. ಪೊದೆ ಅಡ್ಡ ಬರುತ್ತದೆ, ಆದ್ದರಿಂದ ಅಂಚಿನ ಮರ ಆರಿಸಿ. ದಡ್ಡರೆನಿಸಿಕೊಂಡವರೇ ನನ್ನ ತರಗತಿಯಲ್ಲಿ ಇದನ್ನು ಮೊದಲು ಮುಗಿಸುತ್ತಾರೆ. ಉಂಬಳ (ಜಿಗಣೆ) ಹತ್ತದಂತೆ ಕಾಲಿಗೆ ಸುಣ್ಣ-ತಂಬಾಕು.

ಕನ್ನಡಕ್ಕೆ 'ಮರದ ಆತ್ಮಕಥೆ' ಬರೆಸಿ ಸೋತೆ. ಎಲ್ಲ ಹಾಳೆಯಲ್ಲೂ 'ನಾನು ನೆರಳು ಕೊಡುತ್ತೇನೆ'. ಬದಲಿಗೆ 1983ರ ಸೆಪ್ಟೆಂಬರಿನಲ್ಲಿ ನಮ್ಮ ಸೀಮೆಯ ಸಾಲ್ಕಣಿ ಊರಿನವರು ಕಡಿಯಲು ಬಿಡದೆ ಮರ ಅಪ್ಪಿ ನಿಂತದ್ದನ್ನು ಮನೆಯ ಹಿರಿಯರನ್ನು ಕೇಳಿ, ಅವರ ಮಾತಿನಲ್ಲೇ ಬರೆದು ತರಲು ಹೇಳಿದೆ. ಒಬ್ಬಳ ಅಜ್ಜಿಯ ಬೈಗುಳವೂ ಸೇರಿತ್ತು, ಹಾಗೇ ಬಿಟ್ಟೆ. ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಬ್ರಿಟಿಷರ ಕಾಲದ ಪದ್ಧತಿಯಲ್ಲಿ ಸಮಾಜವೂ ಅನುಪಾತವೂ ಒಟ್ಟಿಗೆ ಮುಗಿಯುತ್ತವೆ.

ನಡುವೆ ಒಂದು ಹುಚ್ಚು. ಎರಡೂ ಬದಿ ಕತ್ತರಿಸಿದ ಡಬ್ಬಿಯನ್ನು ನೆಲಕ್ಕೆ ಒತ್ತಿ ಲೀಟರ್ ನೀರು ಸುರಿದೆವು. ಬೆಟ್ಟದ ದರಕಿನಡಿಯ (ಉದುರಿದ ಒಣ ಎಲೆಯಡಿಯ) ಮಣ್ಣು ಎರಡು-ಮೂರು ನಿಮಿಷಕ್ಕೆ ಕುಡಿಯಿತು. ಶಾಲೆಯ ಮೈದಾನದಲ್ಲಿ ಬಿಸಿಯೂಟ ಮುಗಿದರೂ ಅರ್ಧ ಉಳಿದಿತ್ತು. ಇಂಗುವಿಕೆಯನ್ನು ಬೋರ್ಡಿನ ಮೇಲೆ ಬರೆಯುವುದನ್ನು ಅಂದೇ ಬಿಟ್ಟೆ.

ಉಪ್ಪಾಗೆ ಎಂಬ ಹುಳಿ ಕಾಡುಹಣ್ಣಿನ ಸಿಪ್ಪೆಯನ್ನೂ ತೂಗಿದೆವು. ಹಸಿ ಕಿಲೋ, ಒಲೆಯ ಮೇಲೆ ಒಣಗಿದಾಗ ಕಾಲು ಕಿಲೋವೂ ಇಲ್ಲ. ಶೇಕಡಾ ಲೆಕ್ಕ ಸಲೀಸಾಗಿ ಬಂತು. ಆದರೆ "ಸುಟ್ಟ ಕಟ್ಟಿಗೆ ಎಷ್ಟು ಕಿಲೋ ಸರ್?" ಎಂದು ಹುಡುಗನೊಬ್ಬ ಕೇಳಿದ. ಬರುವ ಮಳೆಗಾಲಕ್ಕೆ ಅದನ್ನೂ ತೂಗುತ್ತೇವೆ.